ಕೈಜಾರಿ ಬಿದ್ದ ಮೂರು ಬ್ಯಾಟರಿ

ಅವಳಿಗೆ ಮೆಲ್ಲಕ್ಕ ಎಂದು ಹೆಸರಿಟ್ಟವನು ಹರಟೆಮಲ್ಲ. ಅವನಿಗೆ ಹರಟೆಮಲ್ಲ ಎಂದು ಯಾರು ಹೆಸರಿಟ್ಟರೋ ನೆನಪಿಟ್ಟವರಿಲ್ಲ. ಅವನ ಪಕ್ಕದಲ್ಲಿ ಎರಡು ನಿಮಿಷ ನಿಂತ ಯಾರಿಗಾದರೂ ಅದು ತಾನಾಗಿಯೇ ಹೊಳೆಯುತ್ತಿತ್ತು. ಊರಿಗೆ ನೀರು ಹರಿಸುವ ದೊಡ್ಡ ಕೊಳವೆಗಳು ಹಾದುಹೋಗುವ ನೆಲದಡಿಯ ಸುರಂಗದಲ್ಲಿ ಅವನು ಕೊಳಾಯಿ ಕೆಲಸಗಾರ. ಅವಳು ಸುರಂಗದ ಬಾಯಿಗೆ ಅಂಟಿಕೊಂಡಿದ್ದ ಟಾರ್ಚ್ ಕೋಣೆಯವಳು. ದಿನಾ ಬೆಳಿಗ್ಗೆ ಕೋಣೆಯ ಕಿಟಕಿಯಿಂದ ಒಂದೊಂದು ಟಾರ್ಚನ್ನೂ ಹಸುಗೂಸನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದಳು. ಕೊಡುತ್ತ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದಳು. ಒಂದು ದಿನ ಹರಟೆಮಲ್ಲ ತನ್ನ ಊಟದ ಡಬ್ಬಿಯನ್ನೂ ಅದೇ ರೀತಿ ಎರಡು ಕೈಯಲ್ಲಿ ಎತ್ತಿ ಹಿಡಿದು, ಅದೇ ದನಿಯಲ್ಲಿ "ಮೆಲ್ಲಗೆ, ಮೆಲ್ಲಗೆ" ಎಂದು ಸಾಲಿನಲ್ಲಿ ನಿಂತವರನ್ನೆಲ್ಲ ನಗಿಸಿದ. ಅಂದಿನಿಂದ ಅವಳು ಎಲ್ಲರಿಗೂ ಮೆಲ್ಲಕ್ಕನಾದಳು. ಅವಳಿಗೇನೂ ಬೇಸರವಾಗಲಿಲ್ಲ. ಅದಕ್ಕಿಂತ ಕೆಟ್ಟ ಹೆಸರುಗಳನ್ನು ಕೇಳಿ ಬೆಳೆದವಳು ಅವಳು.

ಪುಕ್ಕಲಿ ಎಂಬುದು ಅವುಗಳಲ್ಲಿ ಮೊದಲನೆಯದು. ಬಾವಿ ಕಂಡರೆ ಹೆದರಿಕೆ, ಗುಡುಗಿದರೆ ಹೆದರಿಕೆ, ಬಾಗಿಲು ಗಾಳಿಗೆ ಬಡಿದರೂ ಎದೆ ಝಲ್ಲೆನ್ನುತ್ತಿತ್ತು. ಇವಳು ಹುಟ್ಟುವಾಗಲೇ ಬೆಚ್ಚಿಬಿದ್ದು ಹುಟ್ಟಿದವಳು ಎಂದು ಅವಳ ತಾಯಿ ಬಂದವರಿಗೆಲ್ಲ ಹೇಳುತ್ತಿದ್ದಳು. ಮದುವೆಯಾದ ಮೇಲೆ ಗಾಜಿನ ಸೀಸೆಗಳನ್ನು ಕಟ್ಟಿ ಕಳಿಸುವ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಒಮ್ಮೆ ಅವಳ ಕೈಯಿಂದ ಒಂದು ಪೆಟ್ಟಿಗೆ ಜಾರಿತು. ಯಾರೂ ನೋಡಿರಲಿಲ್ಲ. ಅವಳೇ ಹೋಗಿ ಮಾಲೀಕನಿಗೆ ಹೇಳಿದಳು. ಮಧ್ಯಾಹ್ನದ ಊಟಕ್ಕೆ ಮೊದಲೇ ಅವಳನ್ನು ಗೇಟಿನ ಹೊರಗೆ ಕಳಿಸಿದರು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವಳು ಗೇಟಿನ ತನಕ ಬಂದು, ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು, ನಿನ್ನ ಬಾಯೇ ನಿನಗೆ ಶತ್ರು ಎಂದಿದ್ದಳು. ಆ ಮಾತು ಮುಳ್ಳಿನಂತೆ ಒಳಗೇ ಉಳಿದುಬಿಟ್ಟಿತ್ತು.

ಟಾರ್ಚ್ ಕೋಣೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಗಂಡ ದರ್ಜಿ, ಮಾತು ಕಡಿಮೆ, ಮನೆಯ ಮುಂಗೋಣೆಯಲ್ಲೇ ಅವನ ಹೊಲಿಗೆ ಯಂತ್ರ. ಒಬ್ಬಳೇ ಮಗಳು. ಈ ಮಗಳು ತಾಯಿಗೆ ತದ್ವಿರುದ್ಧ. ಹೋದ ವರ್ಷ ಅವಳೂ ಸುರಂಗದ ಕೆಲಸಕ್ಕೆ ಸೇರಿ, ಹರಟೆಮಲ್ಲನ ಜೊತೆ ಕೊಳವೆ ಬಿಗಿಯುವುದನ್ನು ಕಲಿಯುತ್ತಿದ್ದಳು. ಸೇರಿದ ವಾರವೆಲ್ಲ ಮೆಲ್ಲಕ್ಕ ಅತ್ತಿದ್ದಳು. ಮಗಳು ಇಳಿಯುವ ಏಣಿಯ ಬಾಯಿ ಕಿಟಕಿಯಿಂದ ಕಾಣುತ್ತಿತ್ತು. ಆ ಹೊತ್ತಿಗೆ ಅವಳು ಬೇಕೆಂದೇ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು.

ಕೋಣೆಯಲ್ಲಿ ಹನ್ನೆರಡು ಟಾರ್ಚು. ಒಂದು ಗೇಣಿಗಿಂತ ಚಿಕ್ಕದು, ಕಪ್ಪು ಲೋಹದ ಮೈ, ನೀರು ಒಳಗೆ ಹೋಗದಂತೆ ಎರಡೂ ಕಡೆ ಬಿಗಿಯಾದ ಮುಚ್ಚಳ. ಹೊಟ್ಟೆಯೊಳಗೆ ಹೆಬ್ಬೆರಳು ದಪ್ಪದ ಒಂದೇ ಬ್ಯಾಟರಿ, ಮೇಲೆ ನೀಲಿ ಪ್ಲಾಸ್ಟಿಕ್ ಚರ್ಮ. ಸಂಜೆ ಅವನ್ನು ತೆಗೆದು ಚಾರ್ಜಿಗೆ ಹಾಕುವುದು, ಬೆಳಿಗ್ಗೆ ತಿರುಗಿ ಟಾರ್ಚಿಗೆ ತುಂಬುವುದು, ಇಷ್ಟೇ ಕೆಲಸ. ಈ ಇಷ್ಟೇ ಕೆಲಸ ಎಂಥದೆಂದು ಅವಳಿಗೆ ಗೊತ್ತಾದದ್ದು ಟಾರ್ಚ್ ಕಂಪನಿಯಿಂದ ಕಲಿಸಲು ಬಂದ ಒಬ್ಬ ಮುದುಕನಿಂದ. ಅವನು ಅಂಗಳದಲ್ಲಿ ಎಲ್ಲರನ್ನೂ ದೂರ ನಿಲ್ಲಿಸಿ, ನೆಗ್ಗಿದ ಒಂದು ಬ್ಯಾಟರಿಯನ್ನು ಮರಳಿನ ಮೇಲಿಟ್ಟು ಉದ್ದ ಕೋಲಿನಿಂದ ಚುಚ್ಚಿದ್ದ. ಅದು ಹಾವಿನಂತೆ ಬುಸ್ಸೆಂದು, ಬೆಂಕಿ ಉಗುಳಿ, ಅಂಗಳದ ಗೋಡೆಯ ತನಕ ಹಾರಿತ್ತು. ಆಮೇಲೆ ಅವನು ಹೇಳಿದ ಮಾತು ಅವಳಿಗೆ ಬಾಯಿಪಾಠ:

"ಬಿದ್ದ ಬ್ಯಾಟರಿ ಬಿದ್ದ ಮನುಷ್ಯನ ಹಾಗೇ. ಎದ್ದು ಕೂತ್ಕೊಂಡು ನಗ್ತಾ ಮಾತಾಡ್ತಿರ್ತಾನೆ. ಒಳಗೆ ಏನು ಒಡೆದಿದೆ ಅಂತ ಹೊರಗಿಂದ ಕಾಣಲ್ಲ. ಐದು ನಿಮಿಷಕ್ಕಾದ್ರೂ ಗೊತ್ತಾಗಬಹುದು, ಐದು ದಿನಕ್ಕಾದ್ರೂ ಗೊತ್ತಾಗಬಹುದು."

ಪುಕ್ಕಲಿಗೆ ಇಂಥ ಪಾಠ ಎರಡು ಸಲ ಹೇಳಬೇಕಿಲ್ಲ. ಮಾರನೆಯ ದಿನವೇ ಅವಳು ಕೋಣೆಯ ಸಿಮೆಂಟ್ ನೆಲಕ್ಕೆ ದಪ್ಪ ರಬ್ಬರ್ ಹಾಸು ತರಿಸಿದಳು. ಮೇಜಿನ ಅಂಚಿಗೆ ಪಟ್ಟಿ ಹೊಡೆಸಿದಳು, ಉರುಳಿದರೂ ಕೆಳಗೆ ಬೀಳಬಾರದೆಂದು. ಬಾಗಿಲ ಹೊರಗೆ ಮರಳು ತುಂಬಿದ ಕಬ್ಬಿಣದ ಬಕೆಟ್ ಇಡಿಸಿ, ಕೋಣೆಯೊಳಗಿನ ಗೋಡೆಯ ಮೇಲೆ ತನ್ನ ಕೈಯಲ್ಲೇ 'ಬಿದ್ದದ್ದು ಮರಳಿಗೆ' ಎಂದು ಬರೆದಳು. ಹೆಚ್ಚಿನ ಬ್ಯಾಟರಿ ಎಂದು ಇದ್ದದ್ದು ಎರಡೇ. ಇನ್ನೂ ನಾಲ್ಕು ಬೇಕು ಎಂದು ಮೇಲಿನವರಿಗೆ ಎಷ್ಟು ಸಲ ಬರೆದರೂ ಉತ್ತರ ಬಂದಿರಲಿಲ್ಲ.

ಆ ದಿನ ಬೆಳಿಗ್ಗೆ ರಬ್ಬರ್ ಹಾಸು ಕೋಣೆಯಲ್ಲಿರಲಿಲ್ಲ. ಹಿಂದಿನ ಸಂಜೆ ಕೆಸರಾಗಿದ್ದ ಅದನ್ನು ತೊಳೆದು ಹಿಂಗೋಡೆಯ ಮೇಲೆ ಒಣಗಲು ಹಾಕಿದ್ದಳು. ಒಣಗಿರಲಿಲ್ಲ. ಒಂದು ದಿನ ತಾನೇ ಎಂದುಕೊಂಡಳು.

ಏಳು ಗಂಟೆಗೆ ಐದು ನಿಮಿಷವಿತ್ತು. ಹೊರಗೆ ಹನ್ನೆರಡು ಜನ ಸಾಲಾಗಿ ನಿಂತಿದ್ದರು. ಚಾರ್ಜರಿನಿಂದ ಬ್ಯಾಟರಿಗಳನ್ನು ತೆಗೆದು ಸ್ಟೀಲ್ ತಟ್ಟೆಯಲ್ಲಿಟ್ಟುಕೊಂಡು ಅವಳು ಮೇಜಿನತ್ತ ತಿರುಗುವುದಕ್ಕೂ, ಮೇಸ್ತ್ರಿ ಕಿಟಕಿಯ ತಗಡನ್ನು ಅಂಗೈಯಿಂದ ಬಡಿಯುವುದಕ್ಕೂ ಸರಿಹೋಯಿತು. ಗಡಿಯಾರ ಮೇಸ್ತ್ರಿ ಎಂದೇ ಎಲ್ಲರೂ ಕರೆಯುತ್ತಿದ್ದ ಮನುಷ್ಯ. ಐದು ನಿಮಿಷ ಮೊದಲೇ ತಡವಾಯಿತೆಂದು ಬೈಯುವವನು. ಬಡಿತಕ್ಕೆ ಅವಳು ಬೆಚ್ಚಿದಳು. ತಟ್ಟೆ ವಾಲಿತು. ಮೂರು ಬ್ಯಾಟರಿ ಸಿಮೆಂಟಿನ ಮೇಲೆ ಬಿದ್ದವು. ಎರಡು ಮೇಜಿನ ಕಾಲ ಬಳಿ ನಿಂತವು, ಒಂದು ಟಣ್ ಎಂದು ಎಲ್ಲಿಗೋ ತಾಗಿ ಬೀರುವಿನ ಅಡಿಗೆ ಉರುಳಿತು.

ಕೂತು, ಮೊಣಕಾಲೂರಿ, ಮೂರನ್ನೂ ಎತ್ತಿಕೊಂಡಳು. ಹೊರಗೆ ಮೇಸ್ತ್ರಿಯ ದನಿ ಏರುತ್ತಿತ್ತು. ಬೆಳಗಿನ ಆರರಿಂದ ನಾಲ್ಕು ಬೀದಿಗಳ ನೀರು ನಿಲ್ಲಿಸಿದೆ, ಮಧ್ಯಾಹ್ನದೊಳಗೆ ಬಿಡುತ್ತೇವೆಂದು ಮಾತು ಕೊಟ್ಟಿದೆ, ಈ ಮಹಾತಾಯಿ ಒಳಗೆ ತೊಟ್ಟಿಲು ತೂಗುತ್ತಿದ್ದಾಳೆ ಎಂದು ಅವನು ಯಾರಿಗೋ ಹೇಳುತ್ತಿದ್ದ. ಹೆಚ್ಚಿನ ಎರಡು ಬ್ಯಾಟರಿ ತೆಗೆದುಕೊಂಡಳು. ಇನ್ನೂ ಒಂದು ಬೇಕು. ಬಿದ್ದ ಮೂರರಲ್ಲಿ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. ತಲೆ ಸರಿಯಾಗಿತ್ತು, ಮೈ ನುಣುಪಾಗಿತ್ತು, ಎಲ್ಲೂ ನೆಗ್ಗಿರಲಿಲ್ಲ. ಬುಡವನ್ನು ನೋಡಲಿಲ್ಲ. ಅದು ಅವಳ ಬೆರಳುಗಳ ನಡುವೆ ಮರೆಯಾಗಿತ್ತು. ಏನೂ ಆಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಟಾರ್ಚಿಗೆ ತುಂಬಿ ಮುಚ್ಚಳ ತಿರುಗಿಸಿಬಿಟ್ಟಳು. ಉಳಿದೆರಡನ್ನು ಮರಳಿಗೆ ಹಾಕಿದಳು. ಹನ್ನೆರಡು ಟಾರ್ಚೂ ಕಿಟಕಿಯಿಂದ ಹೋದವು. ಅಂದು ಮೆಲ್ಲಗೆ ಎನ್ನಲೂ ಅವಳಿಗೆ ಬಾಯಿ ಬರಲಿಲ್ಲ. ಹರಟೆಮಲ್ಲ ಅದನ್ನು ಗಮನಿಸಿ, ಇವತ್ತು ಮಂತ್ರ ಮರೆತುಹೋಯಿತಲ್ಲಕ್ಕ ಎಂದು ನಗುತ್ತ ಇಳಿದುಹೋದ.

ಏಳೂಕಾಲರ ಹೊತ್ತಿಗೆ ಪೊರಕೆ ಹಿಡಿದಳು. ಬೀರುವಿನ ಅಡಿಯಿಂದ ಕಸದ ಜೊತೆ ಉಗುರಿನಷ್ಟು ದೊಡ್ಡ ಒಂದು ನೀಲಿ ಚೂರು ಬಂತು.

ಅವಳು ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಪ್ಲಾಸ್ಟಿಕ್. ಬಗ್ಗಿ ನೋಡಿದರೆ ಬೀರುವಿನ ಕಬ್ಬಿಣದ ಕಾಲಿನ ಚೂಪು ಮೂಲೆಯಲ್ಲಿ ಬಣ್ಣ ಕಿತ್ತ ಹೊಸ ಗುರುತು. ಹೊರಗೋಡಿ ಬಕೆಟ್ಟಿನ ಮರಳಿನಿಂದ ಎರಡು ಬ್ಯಾಟರಿಯನ್ನೂ ತೆಗೆದಳು. ಬುಡ, ತಲೆ, ಮೈ ಎಲ್ಲ ತಿರುಗಿಸಿ ನೋಡಿ ಅಂಗಳದ ಮೂಲೆಯ ಮಣ್ಣಿನಲ್ಲಿಟ್ಟಳು. ಎರಡರ ಚರ್ಮವೂ ಇಡಿಯಾಗಿತ್ತು. ಹಾಗಾದರೆ ಚರ್ಮ ಹರಿದದ್ದು, ಕಬ್ಬಿಣಕ್ಕೆ ಬುಡ ಬಡಿದದ್ದು ಮೂರನೆಯದು. ಅದು ಈಗ ಕೆಳಗಿದೆ, ಯಾರದೋ ಕೈಯಲ್ಲಿ.

ಯಾರ ಕೈಯಲ್ಲಿ ಎಂದು ನೆನಪಿಸಿಕೊಳ್ಳಲು ನೋಡಿದಳು. ತುಂಬಿದ ಕ್ರಮ ನೆನಪಿರಲಿಲ್ಲ. ಕಿಟಕಿಯಲ್ಲಿ ಕಂಡದ್ದು ಚಾಚಿದ ಕೈಗಳು ಮಾತ್ರ.

ಸ್ಟೂಲಿನ ಮೇಲೆ ಕೂತಳು. ಏನೂ ಆಗಲಿಕ್ಕಿಲ್ಲ ಎಂದು ಒಂದು ಮನಸ್ಸು. ಸಂಜೆ ಎಲ್ಲ ಟಾರ್ಚೂ ವಾಪಸು ಬರುತ್ತವೆ, ಸದ್ದಿಲ್ಲದೆ ಅದನ್ನು ಹುಡುಕಿ ಮರಳಿಗೆ ಹಾಕಿದರಾಯಿತು, ಕಾಗೆಗೂ ಗುಬ್ಬಿಗೂ ಗೊತ್ತಾಗುವುದಿಲ್ಲ. ಹೇಳಿದರೆ? ಗಾಜಿನ ಶೆಡ್ಡಿನ ಗೇಟು ಕಣ್ಣ ಮುಂದೆ ಬಂತು. ಗೋಡೆಯ ಮೇಲೆ ತಾನೇ ಬರೆದ ಅಕ್ಷರ ಎದುರಿಗಿತ್ತು. ಅದರ ಕಡೆ ನೋಡಲಾಗದೆ ಸ್ಟೂಲನ್ನು ಕಿಟಕಿಯತ್ತ ತಿರುಗಿಸಿದಳು. ಕಿಟಕಿಯಲ್ಲಿ ಏಣಿಯ ಬಾಯಿ ಕಂಡಿತು.

ಕೆಳಗೆ ಎರಡೂ ಕೈಗೆ ಕೆಲಸವಿದ್ದಾಗ ಅವರೆಲ್ಲ ಟಾರ್ಚನ್ನು ಎಲ್ಲಿಡುತ್ತಾರೆಂದು ಅವಳಿಗೆ ಗೊತ್ತಿತ್ತು. ಹಲ್ಲಿನ ನಡುವೆ. ಹರಟೆಮಲ್ಲ ಹಾಗೇ ಮಾಡುತ್ತಿದ್ದ, ಅವನನ್ನು ನೋಡಿ ಮಗಳೂ ಕಲಿತಿದ್ದಳು. ಮನೆಯಲ್ಲಿ ಕರೆಂಟು ಹೋದಾಗ ಒಮ್ಮೆ ಹಾಗೆ ಬಾಯಲ್ಲಿ ಕಚ್ಚಿಕೊಂಡು ಫ್ಯೂಸು ಹಾಕಲು ಹೋಗಿ ಬೈಸಿಕೊಂಡಿದ್ದಳು. ಎರಡೂ ಕಡೆ ಬಿಗಿದ ಲೋಹದ ಕೊಳವೆ, ಒಳಗೆ ಉರಿಯಲು ಕಾದ ಬೆಂಕಿ, ಅದು ಮಗಳ ಹಲ್ಲುಗಳ ನಡುವೆ. ನನ್ನ ಮಗಳದ್ದಾಗದಿರಲಿ, ನನ್ನ ಮಗಳದ್ದಾಗದಿರಲಿ ಎಂದು ಕೈ ಮುಗಿದು ಕೂತಳು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಹೀಗೆ ಬೇಡುವುದೆಂದರೆ ಏನು ಎಂಬುದು ಇದ್ದಕ್ಕಿದ್ದ ಹಾಗೆ ಅವಳಿಗೆ ಹೊಳೆಯಿತು. ಮಗಳದ್ದಲ್ಲವಾದರೆ ಇನ್ನೊಬ್ಬರದ್ದು. ಹರಟೆಮಲ್ಲನಿಗೆ ಮೂರು ಮಕ್ಕಳು. ಉಳಿದವರಿಗೂ ತಾಯಂದಿರಿದ್ದರು. ತಾನು ಇಷ್ಟು ಹೊತ್ತು ಬೇರೆ ಯಾರಾದರೂ ಸಾಯಲಿ ಎಂದು ಬೇಡಿಕೊಳ್ಳುತ್ತಿದ್ದೆ ಎಂದು ತಿಳಿದಾಗ ಅವಳಿಗೆ ತನ್ನ ಮೇಲೆ ಹೇಸಿಗೆ ಬಂತು. ಎದ್ದಳು. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೊರಗೆ ಬಂದಳು.

ಮೇಸ್ತ್ರಿ ಏಣಿಯ ಬಾಯಿಯ ಬಳಿ ನಕ್ಷೆ ಬಿಡಿಸಿಕೊಂಡು ನಿಂತಿದ್ದ.

"ಸಾರ್, ಎಲ್ಲರನ್ನೂ ಮೇಲೆ ಕರೀರಿ," ಎಂದಳು. "ಬಿದ್ದ ಬ್ಯಾಟರಿ ಒಂದು ಕೆಳಗೆ ಹೋಗಿದೆ. ಬೀಳಿಸಿದ್ದು ನಾನು. ಬಿದ್ದಿದೆ ಅಂತ ಗೊತ್ತಿದ್ದೂ ಹಾಕಿದ್ದು ನಾನೇ."

ಯಾರ ಟಾರ್ಚಿನಲ್ಲಿ ಎಂದು ಅವನು ಕೇಳಿದ. ಗೊತ್ತಿಲ್ಲ ಎಂದಳು. ಅವನ ಮುಖ ಕೆಂಪಾಯಿತು. ಬಿಚ್ಚಿದ ಕೊಳವೆ ಹಾಗೇ ಬಾಯಿ ತೆರೆದುಕೊಂಡಿದೆ, ನಾಲ್ಕು ಬೀದಿಯ ಜನ ಬಿಂದಿಗೆ ಹಿಡಿದು ಕಾಯುತ್ತಿದ್ದಾರೆ, ಒಂದು ಬ್ಯಾಟರಿಗೆ ಹನ್ನೆರಡು ಜನರನ್ನು ಮೇಲೆ ಹತ್ತಿಸಿ ಇಳಿಸುತ್ತ ಕೂರಲೇ, ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವ ಹೆಂಗಸು ನೀವು ಎಂದು ಒಂದೇ ಉಸಿರಿನಲ್ಲಿ ಅಂದ. ಅವಳು ಅಂಗೈ ಬಿಚ್ಚಿ ನೀಲಿ ಚೂರನ್ನು ತೋರಿಸಿದಳು.

"ಏನಾದ್ರೂ ಆಗೇ ಆಗುತ್ತೆ ಅಂತೀರಾ?" ಎಂದು ಅವನು ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳಿದ.

"ಆಗದೇನೂ ಇರಬಹುದು ಸಾರ್. ಆದ್ರೆ ಆಗುತ್ತೋ ಇಲ್ವೋ ಅಂತ ಕಾದು ನೋಡೋಕೆ ನನ್ನ ಕೈಲಾಗಲ್ಲ. ನನ್ನನ್ನ ಇವತ್ತೇ ಕೆಲಸದಿಂದ ತೆಗೀರಿ. ಮೊದಲು ಗಂಟೆ ಹೊಡೀರಿ."

ಅವನು ಅವಳನ್ನೇ ನೋಡಿದ. ಹನ್ನೊಂದು ವರ್ಷದಲ್ಲಿ ಅವಳು ಅವನೆದುರು ಇಷ್ಟು ಮಾತಾಡಿದ್ದು ಇದೇ ಮೊದಲು. ಆಮೇಲೆ ಗಂಟೆಯ ಹಗ್ಗ ಹಿಡಿದು ಮೂರು ಸಲ, ಬಿಟ್ಟು ಮತ್ತೆ ಮೂರು ಸಲ ಎಳೆದ. ಎಲ್ಲರೂ ಮೇಲೆ ಬನ್ನಿ ಎಂದು ಅದರರ್ಥ.

ಒಬ್ಬೊಬ್ಬರಾಗಿ ಬಂದರು. ಗೊಣಗುತ್ತ ಬಂದರು. ಒಬ್ಬೊಬ್ಬರ ಟಾರ್ಚನ್ನೂ ಅವಳು ಆರಿಸಿ, ಹಿಂಗೈ ತಾಗಿಸಿ, ಮೂಗಿನ ಬಳಿ ಹಿಡಿದು ನೋಡಿದಳು. ಬಿಸಿಯಿಲ್ಲ, ವಾಸನೆಯಿಲ್ಲ. ಒಂಬತ್ತು, ಹತ್ತು. ಪ್ರತಿ ತಣ್ಣನೆಯ ಟಾರ್ಚಿಗೂ ಅವಳ ಹೆದರಿಕೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತ ಹೋಯಿತು. ಹತ್ತಕ್ಕೆ ಏಣಿ ಖಾಲಿಯಾಯಿತು. ಬಾರದವರು ಇಬ್ಬರು, ಅವಳ ಮಗಳು ಮತ್ತು ಹರಟೆಮಲ್ಲ. ಅವರಿಬ್ಬರೂ ಎರಡನೆಯ ತಿರುವಿನ ಆಚೆ, ನೀರೆತ್ತುವ ಪಂಪಿನ ಪಕ್ಕದಲ್ಲಿದ್ದರು. ಪಂಪು ಓಡುತ್ತಿದ್ದರೆ ಅಲ್ಲಿಗೆ ಗಂಟೆ ಕೇಳಿಸುವುದಿಲ್ಲ.

ಇಬ್ಬರು ಮೂವರು ತಾವು ಇಳಿಯುತ್ತೇವೆಂದರು. ಆದರೆ ಟಾರ್ಚು ಬಿಸಿಯಾಗಿದ್ದರೆ ಏನು ಮಾಡಬೇಕೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಾಬರಿಯಲ್ಲಿ ಯಾರಾದರೂ ಮುಚ್ಚಳ ತಿರುಗಿಸಿದರೆ, ಬಿಸಿಯೆಂದು ಕೈಬಿಟ್ಟರೆ ಕಥೆ ಮುಗಿದಂತೆ. ಮೆಲ್ಲಕ್ಕ ಒಬ್ಬನ ತಲೆಯಿಂದ ಹೆಲ್ಮೆಟ್ ತೆಗೆದು ತನ್ನ ತಲೆಗೆ ಹಾಕಿಕೊಂಡಳು, ಇನ್ನೊಬ್ಬನ ಚರ್ಮದ ಕೈಗವಸು ಕೇಳಿ ಪಡೆದಳು. ಮೇಸ್ತ್ರಿ ತನ್ನ ಸ್ವಂತ ಟಾರ್ಚು ಹಚ್ಚಿ, ಮರಳಿನ ಬಕೆಟ್ಟನ್ನು ಎತ್ತಿಕೊಂಡು ಅವಳ ಹಿಂದೆ ನಿಂತ.

ಏಣಿಗೆ ಮೂವತ್ತೆರಡು ಮೆಟ್ಟಿಲು. ಬಾವಿ ಕಂಡರೆ ಓಡುತ್ತಿದ್ದ ಹೆಂಗಸು ಕಣ್ಣು ಮುಚ್ಚಿಕೊಂಡೇ ಒಂದೊಂದಾಗಿ ಎಣಿಸುತ್ತ ಇಳಿದಳು. ಕಬ್ಬಿಣ ತಣ್ಣಗೆ, ಒದ್ದೆಯಾಗಿತ್ತು. ಕಾಲು ನೆಲಕ್ಕೆ ತಾಗಿದಾಗ ಕಣ್ಣು ಬಿಟ್ಟಳು. ಸೊಂಟ ಬಗ್ಗಿಸಿಯೇ ನಡೆಯಬೇಕಾದ ಸುರಂಗ, ಎಡಕ್ಕೆ ಎದೆಮಟ್ಟದ ಕೊಳವೆ, ಬಲಕ್ಕೆ ಬೆವರುವ ಗೋಡೆ. ಉಸಿರಾಡಿದರೆ ತನ್ನ ಉಸಿರೇ ವಾಪಸು ಮುಖಕ್ಕೆ ಬಂದಂತೆ. ಮೊದಲ ತಿರುವಿನಲ್ಲಿ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಅವಳು ಅದನ್ನೇ ಪಂಪಿನ ಸದ್ದು ಎಂದುಕೊಂಡಳು. ಇನ್ನು ಒಂದು ಹೆಜ್ಜೆಯೂ ಆಗುವುದಿಲ್ಲ ಅನ್ನಿಸಿತು. ಆದರೆ ಹಿಂದೆ ಬಕೆಟ್ ಹಿಡಿದು ಮೇಸ್ತ್ರಿ ನಿಂತಿದ್ದ. ತಿರುಗಿ ಓಡಲೂ ಜಾಗವಿರಲಿಲ್ಲ. ಎಷ್ಟೋ ಸಲ ಮುಂದಕ್ಕೆ ಹೋಗುವುದಕ್ಕೆ ಅಷ್ಟೇ ಸಾಕಾಗುತ್ತದೆ.

ಎರಡನೆಯ ತಿರುವು ದಾಟಿದಾಗ ಮೊದಲು ಕಂಡದ್ದು ಮಗಳು. ಮೊಣಕಾಲೂರಿ ನಟ್ಟು ಬಿಗಿಯುತ್ತಿದ್ದಳು. ಟಾರ್ಚು ಬಾಯಲ್ಲಿತ್ತು. ತಾಯಿ ಕೂಗಲಿಲ್ಲ. ಬಳಿ ಹೋಗಿ ಹೆಗಲ ಮೇಲೆ ಕೈಯಿಟ್ಟು, ಇನ್ನೊಂದು ಕೈಯಿಂದ ಟಾರ್ಚನ್ನು ಹಿಡಿದು ಮಗಳ ಹಲ್ಲುಗಳ ನಡುವಿನಿಂದ ಎಳೆದುಕೊಂಡಳು. ತಣ್ಣಗಿತ್ತು. ಮಗಳ ಎಂಜಲು ಬಿಟ್ಟರೆ ಅದರ ಮೇಲೆ ಏನೂ ಇರಲಿಲ್ಲ.

"ಅಮ್ಮ? ನೀನ್ಯಾಕೆ ಇಲ್ಲಿಗೆ ಬಂದೆ?"

"ಆಮೇಲೆ ಹೇಳ್ತೀನಿ. ಅವನೆಲ್ಲಿ?"

ಮಗಳು ಕೊಳವೆಯ ಅಡಿಗೆ ಬೆರಳು ತೋರಿಸಿದಳು. ಹತ್ತು ಹೆಜ್ಜೆ ಆಚೆ ಹರಟೆಮಲ್ಲ ಬೆನ್ನ ಮೇಲೆ ಮಲಗಿ, ಎರಡು ಕೈಯನ್ನೂ ಮೇಲಕ್ಕೆ ಚಾಚಿ ಕೆಲಸ ಮಾಡುತ್ತಿದ್ದ. ಟಾರ್ಚು ಬಾಯಲ್ಲಿದ್ದಾಗ ಮಾತ್ರ ಆ ಮನುಷ್ಯ ಸುಮ್ಮನಿರುತ್ತಿದ್ದ. ಈಗ ಸುಮ್ಮನಿದ್ದ. ಟಾರ್ಚಿನ ಕುತ್ತಿಗೆಗೆ ಒಂದು ಬಟ್ಟೆ ಚೂರು ಸುತ್ತಿದ್ದ. ಯಾಕೆ ಸುತ್ತಿದ್ದಾನೆಂದು ಮೆಲ್ಲಕ್ಕನಿಗೆ ಕೇಳದೆಯೇ ತಿಳಿಯಿತು.

ಅವನ ತಲೆಯ ಬಳಿ ಕೂತಳು. ಪಂಪಿನ ಸದ್ದಿನಲ್ಲಿ ಕೇಳಿಸಲೆಂದು ಕಿವಿಯ ಹತ್ತಿರವೇ ಬಗ್ಗಿದಳು.

"ಅಣ್ಣ, ನಾನು. ಬೆಚ್ಚಬೇಡ. ಟಾರ್ಚನ್ನ ಬಾಯಿಂದ ತೆಗೆದು ನನ್ನ ಕೈಗೆ ಕೊಡು. ಬೀಳಿಸ್ಬೇಡ. ಮೆಲ್ಲಗೆ."

ಅವನ ಕಣ್ಣು ಮೊದಲು ನಗಲು ನೋಡಿತು. ಅವಳ ಮುಖ ಕಂಡು ನಗು ಅಲ್ಲೇ ನಿಂತಿತು. ಟಾರ್ಚನ್ನು ತೆಗೆದು ಕೈಗವಸಿನ ಮೇಲಿಟ್ಟ. ಚರ್ಮದೊಳಗಿಂದಲೂ ಅವಳಿಗೆ ಬಿಸಿ ತಾಗಿತು.

"ಆಗ್ಲಿಂದ ಬಿಸಿಯಾಗ್ತಾ ಇತ್ತಕ್ಕ," ಎಂದ. "ತುಂಬ ಹೊತ್ತು ಉರಿದಿದ್ದಕ್ಕೆ ಅಂದ್ಕೊಂಡೆ."

ಅವಳು ಗುಂಡಿ ಒತ್ತಿ ಆರಿಸಿದಳು. ಬೆಳಕು ಹೋಯಿತು, ಬಿಸಿ ಹೋಗಲಿಲ್ಲ. ಮುಚ್ಚಳದ ಸಂದಿಯಿಂದ ಉಗುರುಬಣ್ಣದಂಥ ಸಿಹಿವಾಸನೆ ಬರುತ್ತಿತ್ತು. ಮೇಸ್ತ್ರಿ ಬಕೆಟ್ ಮುಂದಿಟ್ಟ. ಟಾರ್ಚನ್ನು ಮರಳಿನೊಳಗೆ ಆಳಕ್ಕೆ ಇಳಿಸಿ, ಮೇಲೆ ಮರಳೆಳೆದು, ಎರಡು ಮುಷ್ಟಿ ಹೆಚ್ಚಾಗಿಯೇ ಸುರಿದಳು. ಆಮೇಲೆ ಅವಳು ಹೇಳಿದ್ದು ಒಂದೇ ಮಾತು, ನಡೀರಿ ಎಂದು. ಮಗಳು ಹತಾರದ ಚೀಲಕ್ಕೆ ಕೈ ಹಾಕಿದಳು. ತಾಯಿ ಆ ಕೈಗೆ ಒಂದು ಏಟು ಹಾಕಿ ಮುಂದಕ್ಕೆ ತಳ್ಳಿದಳು.

ಬಗ್ಗಿ ಬಗ್ಗಿ ಸಾಲಾಗಿ ಓಡಿದರು. ಮುಂದೆ ಮಗಳು, ಆಮೇಲೆ ಹರಟೆಮಲ್ಲ, ಅವನ ಹಿಂದೆ ಮೇಸ್ತ್ರಿ. ಕೊನೆಯವಳು ಮೆಲ್ಲಕ್ಕ. ಬೆನ್ನ ಹಿಂದೆ ಕತ್ತಲೆ ತುಂಬಿಕೊಂಡು ಬರುತ್ತಿದ್ದಂತೆ, ಅದಕ್ಕೆ ಕೈಗಳಿದ್ದಂತೆ ಅವಳಿಗೆ ಅನ್ನಿಸುತ್ತಿತ್ತು. ಮೊದಲ ತಿರುವಿಗೆ ಬಂದಿದ್ದರು. ಹಿಂದೆ ಯಾರೋ ಉದ್ದಕ್ಕೆ ಉಸಿರೆಳೆದಂತೆ ಒಂದು ಸದ್ದು, ಕೂಡಲೇ ಢಬ್ ಎಂದು ಲೋಹಕ್ಕೆ ಲೋಹ ಬಡಿದ ಸದ್ದು. ಕೊಳವೆ ಉದ್ದಕ್ಕೂ ಗುಂಯ್‌ಗುಟ್ಟಿತು. ಏಣಿಗೆ ಕೈ ಹಾಕುವಷ್ಟರಲ್ಲಿ ಹೊಗೆ ಸೂರಿನಡಿ ಹರಿದು ಅವರನ್ನು ಹಿಡಿದುಬಿಟ್ಟಿತ್ತು. ಗಂಟಲು ಸುಟ್ಟಿತು, ಕಣ್ಣಲ್ಲಿ ನೀರು ಸುರಿಯಿತು. ಹತ್ತುವಾಗ ಅವಳು ಮೆಟ್ಟಿಲು ಎಣಿಸಲಿಲ್ಲ. ಅರ್ಧದಲ್ಲಿ ಕಾಲು ಜಾರಿತು. ಮೇಲಿದ್ದ ಮೇಸ್ತ್ರಿ ಅವಳ ಮಣಿಕಟ್ಟು ಹಿಡಿದ; ಮೇಲೆ ಹತ್ತಿದ ಮೇಲೂ ಆ ಕೈ ಬಿಡುವುದು ಅವನಿಗೆ ಸ್ವಲ್ಪ ಹೊತ್ತು ಮರೆತುಹೋಗಿತ್ತು.

ಅಂಗಳದ ಬಿಸಿಲಿನಲ್ಲಿ ನಾಲ್ವರೂ ಕೆಮ್ಮುತ್ತ ಕೂತರು. ಹರಟೆಮಲ್ಲ ಆಗಾಗ ತನ್ನ ತುಟಿ, ಹಲ್ಲು, ಗಲ್ಲ ಮುಟ್ಟಿ ನೋಡಿಕೊಳ್ಳುತ್ತಿದ್ದ. ಎಲ್ಲ ಇದ್ದಲ್ಲೇ ಇವೆಯೇ ಎಂದು ಲೆಕ್ಕ ಹಾಕುವವನಂತೆ. ಆ ದಿನವೆಲ್ಲ ಅವನು ಒಂದು ಮಾತೂ ಆಡಲಿಲ್ಲ. ಹೊಗೆ ಕಳೆದ ಮೇಲೆ ಇಳಿದವರು ಸೀಳಿಹೋದ ಟಾರ್ಚನ್ನು ತಂದರು. ಅದರ ಬಾಲದ ಮುಚ್ಚಳ ಮರಳನ್ನೆಲ್ಲ ಎರಚಿ ಹಾರಿ, ಕಬ್ಬಿಣದ ಕೊಳವೆಯ ಮೇಲೆ ಬೊಟ್ಟಿನ ಗಾತ್ರದ ತಗ್ಗು ಮಾಡಿತ್ತು.

ವಿಚಾರಣೆ ನಡೆಯಿತು. ಮೇಲಿನ ಅಧಿಕಾರಿ ಕೇಳಿದ್ದಕ್ಕೆಲ್ಲ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹಾಸು ಹಾಕದ್ದು, ಬುಡ ನೋಡದ್ದು, ಚೂರು ಸಿಕ್ಕಿದ ಮೇಲೂ ಸುಮಾರು ಇಪ್ಪತ್ತು ನಿಮಿಷ ಸುಮ್ಮನೆ ಕೂತದ್ದು. ಆ ಇಪ್ಪತ್ತು ನಿಮಿಷವನ್ನು ಯಾರೂ ಕೇಳಿರಲಿಲ್ಲ, ತಾನಾಗಿ ಹೇಳಿದಳು. ಮೇಸ್ತ್ರಿಯೂ ಕಿಟಕಿ ಬಡಿದವನು ನಾನೇ ಎಂದು ಬರೆದುಕೊಟ್ಟ. ಅವಳನ್ನು ಒಂದು ತಿಂಗಳು ಕೆಲಸದಿಂದ ದೂರವಿಟ್ಟರು. ಆಮೇಲೆ ಏನೆಂದು ತಿಳಿಸುತ್ತೇವೆ ಎಂದರು.

ಆ ತಿಂಗಳು ಅವಳಿಗೆ ಸುರಂಗಕ್ಕಿಂತ ಇಕ್ಕಟ್ಟಾಗಿತ್ತು. ಗಂಡ ಕತ್ತರಿ ಬೀಳಿಸಿದರೆ ಅಡುಗೆಮನೆಯಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಒಂದು ಮಧ್ಯಾಹ್ನ ಬಾಗಿಲಲ್ಲಿ ಹರಟೆಮಲ್ಲನ ಹೆಂಡತಿ ಬಂದು ನಿಂತಳು. ಜಗಳಕ್ಕೇ ಬಂದಿದ್ದಾಳೆಂದು ಮೆಲ್ಲಕ್ಕ ತಲೆ ತಗ್ಗಿಸಿದಳು. ಬೈದರೆ ಬೈಸಿಕೊಳ್ಳಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು. ಬಂದವಳು ಕುರ್ಚಿಯ ತುದಿಯಲ್ಲಿ ಕೂತು ನೀರು ಕೇಳಿ ಕುಡಿದು ಲೋಟ ಕೆಳಗಿಟ್ಟಳು.

"ಮೊದಲು ನಿಮ್ಮ ಮೇಲೆ ತುಂಬ ಸಿಟ್ಟು ಬಂದಿತ್ತಕ್ಕ," ಎಂದಳು. "ಈಗ್ಲೂ ಸ್ವಲ್ಪ ಇದೆ. ಆದ್ರೆ ನೀವು ಹೇಳಿದ್ರಲ್ಲ. ಹೇಳದೇ ಇದ್ದಿದ್ರೆ ಅಂತ ದಿನಾ ಯೋಚನೆ ಬರುತ್ತೆ. ಅದನ್ನ ಹೇಳಿ ಹೋಗೋಣ ಅಂತ ಬಂದೆ."

ಇಬ್ಬರೂ ಅತ್ತರು. ಮುಂಗೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ಸ್ವಲ್ಪ ಹೊತ್ತು ನಿಂತಿತು, ಮತ್ತೆ ಶುರುವಾಯಿತು.

ಗಂಡ ಹೊಲಿಯುತ್ತಿದ್ದದ್ದು ಗಿರಾಕಿಯ ಬಟ್ಟೆಯನ್ನಲ್ಲ. ಹಳೆಯ ಕುರ್ಚಿಯ ಸ್ಪಂಜನ್ನು ಕುಯ್ದು, ದಪ್ಪ ಕ್ಯಾನ್‌ವಾಸಿನಲ್ಲಿ ಹದಿನೆಂಟು ಗೂಡುಗಳ ಒಂದು ಹಾಸು ಹೊಲಿದಿದ್ದ. ಒಂದೊಂದು ಗೂಡಿಗೆ ಒಂದೊಂದು ಬ್ಯಾಟರಿ, ಮೇಲೆ ಮಡಚಿ ಕಟ್ಟುವ ಮುಚ್ಚಳ. ತಲೆಕೆಳಗು ಮಾಡಿದರೂ ಒಂದೂ ಜಾರುವುದಿಲ್ಲ. ಅದನ್ನು ಅವಳ ಮುಂದಿಟ್ಟು, ಸ್ಟೀಲ್ ತಟ್ಟೆಯನ್ನು ಇನ್ನು ಊಟಕ್ಕಿಟ್ಟುಕೊ ಎಂದ. ಆ ತಿಂಗಳಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದೇ.

ಕೆಲಸಕ್ಕೆ ವಾಪಸು ಕರೆದರು. ಹೊಸಬರು ಯಾರೂ ಆ ಕೋಣೆಗೆ ಬರಲು ಒಪ್ಪಿರಲಿಲ್ಲ ಎಂಬುದೂ ಒಂದು ಕಾರಣ. ಈ ಸಲ ಹೆಚ್ಚಿನ ಬ್ಯಾಟರಿ ಎರಡಲ್ಲ, ಆರು. ರಬ್ಬರ್ ಹಾಸನ್ನು ನೆಲಕ್ಕೆ ಅಂಟಿಸಿಬಿಟ್ಟರು. ಪ್ರತಿ ಟಾರ್ಚಿಗೂ ಮಣಿಕಟ್ಟಿಗೆ ಹಾಕಿಕೊಳ್ಳುವ ದಾರ, ಮೂತಿಗೆ ರಬ್ಬರಿನ ಬಳೆ, ಟಾರ್ಚಿಗೂ ಬ್ಯಾಟರಿಗೂ ಒಂದೇ ನಂಬರು. ಕಚ್ಚಿ ಹಿಡಿಯುವ ಚಾಳಿ ತಪ್ಪಿಸಲು ಹೆಲ್ಮೆಟ್ಟಿಗೆ ಟಾರ್ಚು ಸಿಕ್ಕಿಸುವ ಪಟ್ಟಿ ಬಂತು. ಇಷ್ಟೆಲ್ಲ ಆದ ಮೇಲೆ ಮೆಲ್ಲಕ್ಕ ತಾನಾಗಿ ಇನ್ನೊಂದನ್ನು ಕೇಳಿದಳು. ಕಿಟಕಿಯ ಹೊರಗೆ, ಮರಳು ತುಂಬಿದ ಕೆಂಪು ಡಬ್ಬಿ. ಟಾರ್ಚು ಈಗ ಬಿದ್ದಿರಲಿ, ಹಿಂದೆಂದೋ ಬಿದ್ದಿರಲಿ, ತಂದು ಅದರಲ್ಲಿಟ್ಟು ಹೋದರಾಯಿತು. ಯಾರು, ಯಾವಾಗ, ಹೇಗೆ ಎಂದು ಕೇಳುವ ಹಾಗಿಲ್ಲ, ಬೈಯುವ ಹಾಗಿಲ್ಲ. ಮೇಸ್ತ್ರಿ ತಲೆ ಕೆರೆದುಕೊಂಡು ಒಪ್ಪಿದ. ಇದರಿಂದ ಯಾರೂ ಹುಷಾರಾಗಿ ಹಿಡಿಯುವುದಿಲ್ಲ ನೋಡಿ ಎಂದೂ ಸೇರಿಸಿದ.

ಮೊದಲ ಸಂಜೆಯೇ ಡಬ್ಬಿಯಲ್ಲಿ ನಾಲ್ಕು ಟಾರ್ಚಿದ್ದವು.

ಅವಳು ಅವನ್ನು ಅಂಗಳಕ್ಕೆ ಒಯ್ದು ಕೈಗವಸು ಹಾಕಿ ಬಿಚ್ಚಿದಳು. ಒಂದರ ಬ್ಯಾಟರಿಗೆ ಏನೂ ಆಗಿರಲಿಲ್ಲ. ಮೂರರಲ್ಲಿ ನೀಲಿ ಚರ್ಮದಡಿ ಒತ್ತಿ ಹುಡುಕಿದರಷ್ಟೇ ಬೆರಳಿಗೆ ಸಿಗುವ ತಗ್ಗುಗಳಿದ್ದವು. ಆ ಮೂರಕ್ಕೂ ಅವಳು ದಿನಾ ಸಂಜೆ ಕರೆಂಟು ತುಂಬಿಸಿದ್ದಳು, ದಿನಾ ಬೆಳಿಗ್ಗೆ ಯಾರದೋ ಕೈಗೆ ಕೊಟ್ಟಿದ್ದಳು. ಮೇಸ್ತ್ರಿಯ ಬೈಗುಳಕ್ಕೆ ಹೆದರಿ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು, ಅವಳು ಮುಚ್ಚಿಕೊಂಡ ಹಾಗೆಯೇ. ಮೂರನ್ನೂ ಮರಳಿಗೆ ಹಾಕಿದಾಗ ಸುರಂಗದಲ್ಲಿಯೂ ಆಗದಷ್ಟು ಹೆದರಿಕೆ ಅವಳಿಗಾಯಿತು. ಅಲ್ಲಿದ್ದದ್ದು ಒಂದು ಬ್ಯಾಟ‌ರಿ. ಇಲ್ಲಿ ಎಷ್ಟು ದಿನಗಳು, ಎಷ್ಟು ಬೆಳಗುಗಳು.

ಎರಡು ವಾರ ಕಳೆದ ಮೇಲೆ ಎಲ್ಲರೂ ಮನೆಗೆ ಹೋದ ಹೊತ್ತಿನಲ್ಲಿ ಮೇಸ್ತ್ರಿ ಕಿಟಕಿಗೆ ಬಂದ. ಅವನ ಟಾರ್ಚು ಅದೇ ಬಗೆಯದು, ಆದರೆ ಈ ಹನ್ನೆರಡರಲ್ಲಿ ಸೇರಿದ್ದಲ್ಲ, ವರ್ಷಗಳಿಂದ ಅವನೇ ಮನೆಯಲ್ಲಿ ಚಾರ್ಜು ಮಾಡಿ ತರುತ್ತಿದ್ದ. ಅದನ್ನು ಕೆಂಪು ಡಬ್ಬಿಗೆ ಹಾಕಿ, ಬೇರೆ ಕಡೆ ನೋಡುತ್ತ, "ಹೋದ ವರ್ಷ. ನಮ್ಮನೆ ಮೆಟ್ಟಿಲ ಮೇಲೆ," ಎಂದ. "ಮಂಚದ ಪಕ್ಕದಲ್ಲೇ ಚಾರ್ಜಿಗೆ ಹಾಕ್ತಿದ್ದೆ. ಮೊಮ್ಮಗು ಅಲ್ಲೇ ಮಲಗುತ್ತೆ."

ಮೆಲ್ಲಕ್ಕ ಏನೂ ಕೇಳಲಿಲ್ಲ. ಆರು ಹೆಚ್ಚಿನ ಬ್ಯಾಟರಿಗಳಲ್ಲಿ ಒಂದನ್ನು ತೆಗೆದು, ಬುಡ ನೋಡಿ, ತಲೆ ನೋಡಿ, ಕಾಗದದಲ್ಲಿ ಸುತ್ತಿ ಅವನಿಗೆ ಕೊಟ್ಟಳು. ಅವನು ಅದನ್ನು ಜೇಬಿಗೆ ಹಾಕಲು ಹೋಗಿ, ಹಾಕದೆ, ಅಂಗೈಯಲ್ಲೇ ಹಿಡಿದುಕೊಂಡು ಗೇಟಿನತ್ತ ನಡೆದ.